ಉಲ್ಟಾ ಚೈನ್ ಹಾಕಿ ನೀಲಗಿರಿ ಮರವನ್ನು ದೇವರನ್ನಾಗಿ ಮಾಡಿದ್ದು

ಮರ ಕೊಯ್ಯುವ ಕೆಲಸಕ್ಕೆ ಹೊಸದಾಗಿ ಸೇರಿದವರು ಬಂಗಾರಪೇಟೆಯ ನಮ್ಮ ಬೀದಿಯಲ್ಲಿ ನನ್ನನ್ನು ಕಂಡರೆ ನಿಲ್ಲಿಸಿ, "ತಾತಾ, ಒಟ್ಟು ಎಷ್ಟು ಮರ ಉರುಳ್ಸಿದ್ದೀಯ?" ಎಂದು ಕೇಳುತ್ತಾರೆ. ಉರುಳಿದ ಮರಗಳ ಬಗ್ಗೆ ಹೇಳುವುದಕ್ಕೆ ಏನಿದೆ? ಸರಿಯಾಗಿ ಕೊಯ್ದರೆ ಮರ ಬೀಳುತ್ತದೆ. ನಾನು ಹೇಳಬೇಕಾಗಿರುವುದು ಒಂದು ಸಾರಿ ಬೀಳದೇ ನಿಂತ ಮರದ ಬಗ್ಗೆ. ಅದನ್ನು ನಾನು ಹೇಳದೆ ಹೋದರೆ ಬೂದಿಕೋಟೆ ಕಡೆಯವರು ಹೇಳುತ್ತಾರೆ. ಅವರು ಹೇಳಿದರೆ ನನ್ನನ್ನು ಭಕ್ತನನ್ನಾಗಿ ಮಾಡಿಬಿಡುತ್ತಾರೆ. ನಾನು ಭಕ್ತನಲ್ಲ, ಸುಳ್ಳುಗಾರ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ನಾರಾಯಣಪ್ಪ. ಓದಿದ್ದು ಎಸ್ಸೆಸ್ಸೆಲ್ಸಿ. ದುಡಿದದ್ದು ಬಹುಪಾಲು ಆರ್ಮುಗಂ ಮೇಸ್ತ್ರಿಯ ಕೈಕೆಳಗೆ. ಮೇಸ್ತ್ರಿಯ ಮನೆ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಲೈನಿನಲ್ಲಿ, ಅಂದರೆ ಗಣಿ ಕೂಲಿಗಳ ಸಾಲುಮನೆಗಳಲ್ಲಿತ್ತು. ಚಿನ್ನದ ಗಣಿ ನಡೆಯುತ್ತಿದ್ದಾಗ ಆತ ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸದಲ್ಲಿದ್ದವನು. ಗಣಿ ಮುಚ್ಚಿದ ಮೇಲೆ ಮರ ಕೊಯ್ಯುವ ಗುತ್ತಿಗೆ ಹಿಡಿದ. "ಭೂಮಿ ಒಳಗೆ ಮರ ನಿಲ್ಸಿ ನಿಲ್ಸಿ ಸಾಕಾಯ್ತು, ಈಗ ಮೇಲೆ ನಿಂತಿರೋದನ್ನ ಬೀಳಿಸ್ತೀನಿ. ಎಲ್ಲಾ ಲೆಕ್ಕ ಸರಿಹೋಯ್ತುಡಾ" ಎನ್ನುತ್ತಿದ್ದ. ತಮಿಳಿನಲ್ಲಿ ಬೈಗುಳ, ತೆಲುಗಿನಲ್ಲಿ ವ್ಯಾಪಾರ, ಕನ್ನಡದಲ್ಲಿ ಬುದ್ಧಿವಾದ. ಮೂರೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು.

ಆತ ಕಲಿಸಿದ ಮೊದಲ ಪಾಠ ಕೊಯ್ಯುವುದಕ್ಕೆ ಸಂಬಂಧಿಸಿದ್ದೇ ಅಲ್ಲ. ನಂದಿದುರ್ಗ ಗಣಿಯ ಲೈನಿನಲ್ಲಿ ಒಬ್ಬ ಹೆಂಗಸು, ತನ್ನ ಶೀಟಿನ ಮೇಲೆ ಬಾಗಿದ್ದ ನುಗ್ಗೆ ಕೊಂಬೆ ಕಡಿಯಲು ನಮ್ಮನ್ನು ಕರೆದಿದ್ದಳು. ಕೊಂಬೆ ಅವಳ ಸೂರಿನ ಮೇಲೇ ಇತ್ತು. ನಾವು ಕಡಿದೆವು. ಕೊಂಬೆ ಕೆಳಗೆ ಬೀಳುವ ಮೊದಲೇ ಪಕ್ಕದ ಮನೆಯಾಕೆ ಪೊರಕೆ ಹಿಡಿದು ಬಂದಳು. ಬುಡ ನಮ್ಮನ್ನು ಕರೆದವಳ ಹಿತ್ತಿಲಿನದೇ, ಆದರೆ ಕಾಯಿ ಹರಿದುಕೊಳ್ಳುವ ಹಕ್ಕು ಅತ್ತೆಯ ಕಾಲದಿಂದ ಪಕ್ಕದವಳದು. ನನ್ನ ಬೆನ್ನಿಗೆ ಪೊರಕೆ ಬಿತ್ತು. ಮೇಸ್ತ್ರಿ ದೂರದಲ್ಲಿ ನಿಂತು ಬೀಡಿ ಹಚ್ಚುತ್ತಾ, "ಡೇಯ್ ನಾರಾಯಣ, ಮರ ಯಾರ್ದು ಅಂತ ಕೇಳ್ಬಾರ್ದು. ಸಾಂಬಾರ್ ಯಾರ ಮನೇಲಿ ಅಂತ ಕೇಳ್ಬೇಕು" ಎಂದ. ಹೊಸಬರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಎರಡನೆಯ ಪಾಠ ಗರಗಸದ್ದು. ನಮ್ಮ ಕಡೆಯ ಕೈಗರಗಸ ಎಳೆದಾಗ ಕೊಯ್ಯುತ್ತದೆ, ತಳ್ಳಿದಾಗ ಸುಮ್ಮನೆ ಹಿಂದಕ್ಕೆ ಹೋಗುತ್ತದೆ. ಅದರ ಹಲ್ಲು ಹಿಡಿಯ ಕಡೆಗೆ, ಅಂದರೆ ನಮ್ಮ ಮುಖದ ಕಡೆಗೆ ತಿರುಗಿರುತ್ತದೆ. ಹೊಸ ಗರಗಸ ಕೊಂಡಾಗ ಅಂಗಡಿಯಲ್ಲೇ ಮೇಸ್ತ್ರಿ ಬೆರಳಿನಿಂದ ಹಲ್ಲು ಸವರಿ, "ಹಲ್ಲು ಯಾವತ್ತೂ ನಮ್ಮನ್ನೇ ನೋಡ್ಬೇಕು, ಮಾವನ ಮನೆಯವರು ನೋಡ್ದಂಗೆ" ಎನ್ನುತ್ತಿದ್ದ. ಈ ಮಾತು ನನ್ನ ಎಲುಬಿನೊಳಗೆ ಇಳಿದಿತ್ತು. ನನ್ನನ್ನು ಕೆಡಿಸಿದ್ದೂ ಅದೇ.

ಅಷ್ಟರಲ್ಲಿ ಬೇರೆ ಗುಂಪಿನವರಿಗೆ ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸಗಳು ಬಂದವು. ನಾವು ಬೆಳಗಿನಿಂದ ಊಟದ ಹೊತ್ತಿನವರೆಗೆ ಎಳೆದಾಡುವ ಮರವನ್ನು ಅವರು ಕಾಫಿ ಆರುವುದರೊಳಗೆ ಮಲಗಿಸುತ್ತಿದ್ದರು. ಜನ ನಮ್ಮನ್ನು ಕರೆಯುವುದು ಕಡಿಮೆಯಾಯಿತು. ನಾವೂ ಒಂದು ಮೆಷಿನ್ ಕೊಳ್ಳೋಣ ಎಂದು ನಾನು ಮೇಸ್ತ್ರಿಯ ಬೆನ್ನು ಹತ್ತಿದೆ.

"ನಂಗೆ ಅದು ಬರಲ್ಲ. ನಿಂಗೆ ಬರ್ತದಾ?"

"ಬರದೇ ಏನು? ಸಾಮಿಲ್‌ನಲ್ಲಿದ್ದಾಗ ಅದನ್ನೇ ಓಡಿಸ್ತಿದ್ದೆ."

ಇದು ನನ್ನ ಮೊದಲ ಸುಳ್ಳು. ಬಂಗಾರಪೇಟೆಯ ಸಾಮಿಲ್‌ನಲ್ಲಿ ನಾನು ಸ್ವಲ್ಪ ಕಾಲ ಇದ್ದದ್ದು ನಿಜ. ಅಲ್ಲಿ ನನ್ನ ಕೆಲಸ ಮರದ ಹೊಟ್ಟನ್ನು ಮೂಟೆಗೆ ತುಂಬುವುದು.

ರಾಬರ್ಟ್‌ಸನ್‌ಪೇಟೆಯಲ್ಲಿ ಪಂಪ್‌ಸೆಟ್ಟು, ಔಷಧಿ ಹೊಡೆಯುವ ಮೆಷಿನ್ನುಗಳನ್ನು ರಿಪೇರಿ ಮಾಡುವ ಸೆಲ್ವಂ ಎಂಬಾತನ ಹತ್ತಿರ ಹಳೆಯ ಚೈನ್ ಗರಗಸವೊಂದು ಸಿಕ್ಕಿತು. ಎಂಜಿನ್ ಹಳೆಯದು, ಬಣ್ಣ ಹೋಗಿತ್ತು, ಆದರೆ ಉಸಿರು ಗಟ್ಟಿಯಾಗಿತ್ತು. ಚೈನು, ಅದು ಓಡುವ ಉದ್ದನೆಯ ಪಟ್ಟಿ, ಅಂದರೆ ಬಾರು, ಎರಡೂ ಸವೆದಿದ್ದರಿಂದ ಸೆಲ್ವಂ ಹೊಸದನ್ನು ತರಿಸಿಕೊಟ್ಟ. "ಕೂತ್ಕೊಳ್ಳಿ ಅಣ್ಣಾ, ಹಾಕಿ, ಒಂದು ತುಂಡು ಕೊಯ್ದು ತೋರಿಸ್ಬಿಡ್ತೀನಿ" ಎಂದು ಸ್ಪ್ಯಾನರ್ ಕೈಗೆತ್ತಿಕೊಂಡ.

"ನಂಗೇನು ಬರಲ್ವಾ? ಕೊಡು" ಎಂದು ಪೊಟ್ಟಣವನ್ನು ಕಿತ್ತುಕೊಂಡೆ. ಮೇಸ್ತ್ರಿ ನೋಡುತ್ತಿದ್ದನಲ್ಲ!

ಮೇಸ್ತ್ರಿಯ ಮನೆಯಲ್ಲಿ ಚೈನನ್ನು ಬಾರಿನ ಸುತ್ತ ಕೂರಿಸಿ, ಹಲ್ಲುಗಳನ್ನು ನೋಡಿದೆ. ಮೇಲ್ಭಾಗದ ಹಲ್ಲುಗಳು ನನ್ನ ಮುಖದ ಕಡೆಗೇ ತಿರುಗಿದ್ದವು. ತೃಪ್ತಿಯಾಯಿತು. ನಟ್ಟು ಬಿಗಿ ಮಾಡಿ ಮೇಸ್ತ್ರಿಗೆ ತೋರಿಸಿದೆ. ಆತನೂ ಬೆರಳಿನಿಂದ ಸವರಿ, "ನಲ್ಲಾ ಇರುಕ್ಕು, ಚೆನ್ನಾಗೈತೆ, ನಮ್ಮನ್ನೇ ನೋಡ್ತಾ ಐತೆ" ಎಂದ. ಚೈನ್ ಎಂಬುದು ಎಳೆದು ತಳ್ಳುವ ಗರಗಸವಲ್ಲ, ಸುತ್ತುವ ಗರಗಸ. ಮೇಲೆ ಮುಂದಕ್ಕೆ ಹೋಗಿ ಕೆಳಗೆ ಹಿಂದಕ್ಕೆ ಬರುತ್ತದೆ. ಆದ್ದರಿಂದ ಮೇಲಿನ ಹಲ್ಲು ನಮ್ಮನ್ನು ಬಿಟ್ಟು ತುದಿಯ ಕಡೆಗೆ ನೋಡಬೇಕು. ಇದು ಇಬ್ಬರಿಗೂ ಹೊಳೆಯಲಿಲ್ಲ.

ಒಂದು ಸೌದೆ ತುಂಡಿನ ಮೇಲೆ ಪರೀಕ್ಷೆ ಮಾಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಮೇಸ್ತ್ರಿ ಬಿಡಲಿಲ್ಲ. ಹೊಸ ಆಯುಧ ಮೊದಲು ಮುಟ್ಟಬೇಕಾದದ್ದು ಹಸಿ ಮರ. ಒಣ ಕಟ್ಟಿಗೆ ಸುಡುಗಾಡಿನ ಸಾಮಾನು, ಅದನ್ನು ಮೊದಲು ಮುಟ್ಟಿದರೆ ಆಯುಷ್ಯವೆಲ್ಲ ಹೆಣದ ಸೌದೆಯನ್ನೇ ಕೊಯ್ಯುತ್ತದೆ ಎಂಬುದು ಆತನ ನಂಬಿಕೆ. ನಿಂಬೆಹಣ್ಣು ಕುಯ್ದು, ಎಂಜಿನ್ನಿಗೆ ಕುಂಕುಮ ಇಟ್ಟು, ಹಗ್ಗ ಎಳೆದು ಸ್ಟಾರ್ಟ್ ಮಾಡಿದೆವು. ಲೈನಿನ ನಾಯಿಗಳೆಲ್ಲ ಓಡಿಹೋದವು. ಆ ಸದ್ದನ್ನು ಕೇಳಿಯೇ ನಾವು ಪರೀಕ್ಷೆ ಮುಗಿಯಿತೆಂದುಕೊಂಡೆವು.

ಮೊದಲ ಮರ ಬೂದಿಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಮುನಿಯಮ್ಮ ಎಂಬಾಕೆ ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ಬದುಕು ನಡೆಸುತ್ತಿದ್ದಳು. ಅವಳ ಕೊಟ್ಟಿಗೆಯ ಪಕ್ಕದಲ್ಲಿ ದೊಡ್ಡದೊಂದು ನೀಲಗಿರಿ ಮರ ಕೊಟ್ಟಿಗೆಯ ಕಡೆಗೇ ವಾಲಿತ್ತು. ಗಾಳಿಕಾಲ ಬರುವ ಮೊದಲು ಅದನ್ನು ತೆಗೆಸಬೇಕೆಂದು ಅವಳು ನಮ್ಮನ್ನು ಕರೆಸಿದ್ದಳು. ಒಂದು ಹಸು ಗಬ್ಬ. "ಅಣ್ಣಾ, ಗಾಳಿ ಬಂದ್ರೆ ನಂಗೆ ಮನೇಲಿ ನಿದ್ದೆ ಬರಲ್ಲ. ಕೊಟ್ಟಿಗೇಲೇ ಓಗಿ ಮಲಗ್ತೀನಿ. ಬಿದ್ರೆ ಮೂರು ಜೀವಾನೂ ಒಟ್ಟಿಗೇ ಓಗ್ಲಿ ಅಂತ" ಎಂದಳು.

ಸುದ್ದಿ ತಿಳಿದು ಊರು ನೆರೆದಿತ್ತು. ಮುಂದೆ ಊರ ಯಜಮಾನ ಚೌಡಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರಿಗೆ ಹಳೆಯ ನೆಗಡಿ. ಮೂಗು ಕಟ್ಟಿಕೊಂಡು ಮಾತೆಲ್ಲ ಗಡಿಗೆಯೊಳಗಿಂದ ಬಂದಂತೆ ಕೇಳುತ್ತಿತ್ತು. ನಾನು ಎಲ್ಲರಿಗೂ ಕೇಳುವಂತೆ, "ಎಲ್ಲಾ ದೂರ ಸರೀರಿ, ಇದು ಬೆಣ್ಣೆ ಕೊಯ್ದಂಗೆ ಕೊಯ್ಯುತ್ತೆ" ಎಂದು ಹೇಳಿ ಮೆಷಿನ್ ಇಟ್ಟೆ.

ಸದ್ದು ಬಂತು. ಹೊಗೆ ಬಂತು. ಹೊಟ್ಟು ಮಾತ್ರ ಬರಲಿಲ್ಲ.

ಇನ್ನೂ ಒತ್ತಿದೆ. ಹಲ್ಲಿನ ಬೆನ್ನು ಮರವನ್ನು ಉಜ್ಜುತ್ತಿತ್ತು, ಅಷ್ಟೆ. ತೊಗಟೆ ಕಪ್ಪಾಯಿತು, ಬುಡದಿಂದ ದಟ್ಟನೆಯ ಹೊಗೆ ಎದ್ದು ಜನರನ್ನೆಲ್ಲ ಮುಚ್ಚಿತು. ನೀಲಗಿರಿಯ ಹೊಗೆ ಹೇಗಿರುತ್ತದೆಂದು ನಿಮಗೆ ಗೊತ್ತು. ತಲೆನೋವಿಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಊರ ಮೇಲೆ ಸುರಿದಂತೆ. ಆ ಹೊಗೆಯೊಳಗಿಂದ ಚೌಡಪ್ಪನವರು ದೊಡ್ಡದಾಗಿ ಒಂದು ಸೀನು ಸೀನಿದರು. ಆಮೇಲೆ ಎದ್ದು ನಿಂತರು. ಗಂಟೆಯಂಥ ಧ್ವನಿಯಲ್ಲಿ, "ಬಿಡ್ತು! ನನ್ನ ಮೂಗು ಬಿಡ್ತು!" ಎಂದು ಕೂಗಿದರು.

ಮೆಷಿನ್ ಆಫ್ ಮಾಡಿದೆ. ಚೌಡಪ್ಪನವರು ಕೈ ಮುಗಿದರು. "ಏಮಿರಾ ಇದಿ! ಕಬ್ಬಿಣಕ್ಕೆ ಬಗ್ಲಿಲ್ಲ, ನನ್ನ ಕಾಯ್ಲೆ ವಾಸಿ ಮಾಡ್ತು. ಇದು ಬರೀ ಮರ ಅಲ್ಲ ಕಣ್ರಲಾ!" ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದರು. ನಾವು ಬಸ್ಸಿನಲ್ಲಿ ಬಂಗಾರಪೇಟೆ ಮುಟ್ಟುವ ಮೊದಲೇ ಅದು ಮುಟ್ಟಿತ್ತು. ಕಂಡಕ್ಟರ್ ನನ್ನ ಮುಖ ನೋಡಿ, ಮೊಬೈಲ್ ನೋಡಿ, ಟಿಕೆಟ್ ಕೊಡುವಾಗ ಕೈ ಮುಗಿದ.

ಮಾರನೆಯ ದಿನ ಗರಗಸವನ್ನು ಸೆಲ್ವಂನ ಮುಂದಿಟ್ಟೆ. ಆತ ಒಂದೇ ಸಾರಿ ನೋಡಿ, ನಗುವುದಕ್ಕೆ ಶುರು ಮಾಡಿ, ಕೊನೆಗೆ ಸ್ಟೂಲಿನ ಮೇಲೆ ಕೂತುಕೊಂಡ. "ಅಣ್ಣಾ, ಚೈನ್ ಉಲ್ಟಾ!" ತಿರುಗಿಸಿ ಹಾಕಿ ಒಂದು ತುಂಡನ್ನು ಕೊಯ್ದ. ಮೂಲಂಗಿ ಹೆಚ್ಚಿದಂತೆ ಬಿಲ್ಲೆ ಬಿಲ್ಲೆ ಉದುರಿತು. ಯಾರಿಗೂ ಹೇಳಬೇಡವೆಂದು ಅವನ ಕೈ ಹಿಡಿದು ಬೇಡಿಕೊಂಡೆ. ಮೇಸ್ತ್ರಿಗೆ, "ಏನೋ ಒಳಗಡೆ ಕಸ ಕಟ್ಕೊಂಡಿತ್ತಂತೆ" ಎಂದೆ. ಅದು ಎರಡನೆಯ ಸುಳ್ಳು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಅದೇ ಸಂಜೆ ಮುನಿಯಮ್ಮ ಫೋನ್ ಮಾಡಿದಳು.

"ಅಣ್ಣಾ, ಊರೆಲ್ಲ ಒಂದೊಂದು ಮಾತಾಡ್ತೈತೆ. ನೀನ್ ಕೆಲಸ ಗೊತ್ತಿರೋನು. ನಿಜ ಏಳು. ಕೊಯ್ದೇ ಇದ್ದಿದ್ದು ಮರಾನಾ, ಮೆಷಿನ್ನಾ?"

ನನ್ನ ಕೈಯಲ್ಲಿ ಸರಿಮಾಡಿದ ಮೆಷಿನ್ ಇತ್ತು. "ನಂಗೇನ್ ಗೊತ್ತಮ್ಮಾ, ದೊಡ್ಡೋರು ಎಂಗೆ ಏಳ್ತಾರೋ ಅಂಗೆ" ಎಂದೆ.

ಅವಳು ಫೋನ್ ಇಟ್ಟಳು.

ಆಮೇಲೆ ನಮಗೆ ಒಳ್ಳೆಯ ಕಾಲ ಬಂತು. ಗರಗಸ ಚೆನ್ನಾಗಿ ಓಡಿತು. ಕೆಲಸ ಒಂದರ ಹಿಂದೊಂದು ಬಂತು. ಬೂದಿಕೋಟೆ ಬಸ್ಸು ಕಂಡರೆ ಮಾತ್ರ ನಾನು ಬೇರೆ ಕಡೆ ನೋಡುತ್ತಿದ್ದೆ. ಕೊನೆಗೆ ಒಂದು ಮರ ನೋಡಿಕೊಂಡು ಬರಲು ಅದೇ ದಾರಿಯಲ್ಲಿ ಮುಂದಿನ ಹಳ್ಳಿಗೆ ಹೋಗಬೇಕಾಯಿತು. ಕಿಟಕಿಯಿಂದ ನೋಡಿದರೆ, ನೀಲಗಿರಿ ಸೀರೆ ಉಟ್ಟು ನಿಂತಿದೆ! ಬುಡಕ್ಕೆ ಅರಿಶಿನ, ಕುಂಕುಮ, ಬೆಳ್ಳಿಯ ಕಣ್ಣು. ಬೇವಿಗೆ, ಅರಳಿಗೆ ಕೈಮುಗಿಯುವುದನ್ನು ನೋಡಿದ್ದೇನೆ. ಕಾಗದದ ಕಾರ್ಖಾನೆಗೆ ಹೋಗಬೇಕಾದ ನೀಲಗಿರಿಗೆ ಸೀರೆ ಉಡಿಸಿದ್ದನ್ನು ಅದೇ ಮೊದಲು ನೋಡಿದ್ದು. ನೆಗಡಿಯವರ ಸಾಲು ನಿಂತಿತ್ತು.

ಬಸ್ ಇಳಿದೆ. ಮುನಿಯಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕ್ಯಾನನ್ನು ಠಣ್ ಎಂದು ಕುಕ್ಕಿದಳು.

"ಬಾ ಅಣ್ಣಾ, ದೇವ್ರನ್ನ ಕೊಟ್ಟೋನೆ ಬಾ! ನನ್ನ ಜಾಗದಲ್ಲಿರೋ ದೇವ್ರಂತೆ, ಅದಕ್ಕೆ ಅಭಿಸೇಕದ ಹಾಲು ನಂದೇ ಆಗ್ಬೇಕಂತೆ. ಗಬ್ಬದ ಹಸ ಹಾಲು ನಿಲ್ಲಿಸೈತೆ, ಕರಿಯೋದು ಒಂದೇ ಹಸ, ಬೆಳಗಿನ ಹಾಲು ಡೇರಿಗೆ, ಸಂಜೆ ಹಾಲು ಮರಕ್ಕೆ. ಹಾಲು ಕುಡಿಯೋ ಇಂಥಾ ಕರೂನ ಎಲ್ಲಾದ್ರೂ ನೋಡಿದ್ದೀಯಾ?"

ನಗು ಬರಬೇಕಾಗಿತ್ತು. ಆದರೆ ನಾನು ಬುಡ ನೋಡುತ್ತಿದ್ದೆ. ಮರದ ಸುತ್ತ ಕಟ್ಟೆ ಕಟ್ಟಲು ಪಾಯ ತೋಡಿದ್ದರು. ವಾಲಿದ ಮರವನ್ನು ಹಿಂದಿನಿಂದ ಹಿಡಿದು ನಿಲ್ಲಿಸುವುದು ಅದರ ಎದುರು ದಿಕ್ಕಿನ ಬೇರು. ಕಟ್ಟೆಯವರು ಕಡಿದಿದ್ದದ್ದು ಅದನ್ನೇ. ಇತ್ತ ಕೊಟ್ಟಿಗೆಯ ಕಡೆ ಬಿಂದಿಗೆ ಬಿಂದಿಗೆ ನೀರು, ಹಾಲು ಸುರಿದು ಮಣ್ಣು ಕೆಸರಾಗಿತ್ತು. ಮರ ಮೊದಲಿಗಿಂತ ಬಾಗಿತ್ತು. ಭಕ್ತರಿಗೆ ಅದು ಆಶೀರ್ವಾದ ಮಾಡುವಂತೆ ಕಂಡಿರಬೇಕು. ಆಷಾಢದ ಗಾಳಿ ಆಗಲೇ ಎದ್ದಿತ್ತು. ಒಳಗೆ ಹಸು ಈಯುವ ದಿನ ಹತ್ತಿರವಾಗಿ ಭಾರವಾಗಿ ಉಸಿರು ಬಿಡುತ್ತಿತ್ತು. ಅದರ ಪಕ್ಕದಲ್ಲಿ ಮುನಿಯಮ್ಮನ ಚಾಪೆ, ಕಂಬಳಿ.

ಆ ಚಾಪೆಯನ್ನು ನೋಡಿದ ಮೇಲೆ ಮುಂದಿನ ಹಳ್ಳಿಗೆ ಹೋಗಲು ನನಗೆ ಕಾಲು ಬರಲಿಲ್ಲ. ಮೇಸ್ತ್ರಿಗೆ ಫೋನ್ ಮಾಡಿ ಗರಗಸ ತರಲು ಹೇಳಿದೆ. ಆತ ಬಂದಿಳಿದ ತಕ್ಷಣ ರಸ್ತೆಯಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಚೈನು, ಕಸದ ಕಥೆ, ಸಾಮಿಲ್‌ನ ಮೂಟೆ, ಎಲ್ಲವನ್ನೂ. ಕೆನ್ನೆಗೆ ಹೊಡೆಯುತ್ತಾನೆಂದು ಕಣ್ಣು ಮುಚ್ಚಿಕೊಂಡೆ.

"ಮೊದಲ ದಿನ ಸ್ಟಾರ್ಟ್ ಮಾಡೋವಾಗ್ಲೂ ಇಂಗೇ ಕಣ್ಣು ಮುಚ್ಕೊಂಡೆ" ಎಂದ ಮೇಸ್ತ್ರಿ. "ಆಗ್ಲೇ ಗೊತ್ತಾಯ್ತು ನಿಂಗೆ ಬರಲ್ಲ ಅಂತ. ನಂಗೂ ಬರಲ್ವಲ್ಲಾ, ಎಂಗೆ ಕೇಳೋದು? ನಡೀಡಾ."

ಚೌಡಪ್ಪನವರು ತಮ್ಮ ಮನೆಯ ಮುಂದೆ, ಎಂದಿನ ಹುಣಸೆ ದಿಮ್ಮಿಯ ಮೇಲೆ ಕೂತಿದ್ದರು. ನಾಲ್ಕು ಜನ ಸೇರಿದ್ದರು. ಮುನಿಯಮ್ಮನೂ ಬಂದು ನಿಂತಳು. ನಾನು ಕೈಮುಗಿದು, "ಯಜಮಾನ್ರೇ, ಅದು ದೇವ್ರಲ್ಲ. ನಾನು ಚೈನ್ ಉಲ್ಟಾ ಹಾಕಿದ್ದೆ. ಮಾರನೇ ದಿನವೇ ಗೊತ್ತಾಯ್ತು. ಮಾನ ಓಗುತ್ತೆ ಅಂತ ಮುಚ್ಚಿಟ್ಟೆ" ಎಂದೆ.

ಅವರು ಯೋಚಿಸಿದರು. "ಉಲ್ಟಾ ಆಕಿದ್ದು ಯಾರ್ಲಾ?"

"ನಾನೇ."

"ನಿನ್ನ ಕೈಲಿ ಆಕ್ಸಿದ್ದು ಯಾರು?"

ನಾನು ಮೇಸ್ತ್ರಿಯ ಕಡೆ ನೋಡಿದೆ, ಆತ ಜೇಬಿನಲ್ಲಿ ಬೀಡಿ ಹುಡುಕುತ್ತಿದ್ದ.

"ನೋಡು! ಅದೇ ದೇವ್ರು. ಓಗ್ಲಿ, ನನ್ನ ಮೂಗು ಬಿಟ್ಟಿದ್ದೂ ಉಲ್ಟಾನಾ?"

ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ನಟ್ಟು ಬಿಚ್ಚಿ ಚೈನನ್ನು ಹಿಂದಿನಂತೆಯೇ ಉಲ್ಟಾ ಹಾಕಿ ಎಲ್ಲರಿಗೂ ತೋರಿಸಿದೆ. "ನಿಮ್ಮ ದಿಮ್ಮಿ ಮೇಲೆ ಇಡ್ತೀನಿ. ಇದನ್ನೂ ಕೊಯ್ಯದೇ ಇದ್ರೆ ತಪ್ಪು ಚೈನ್‌ದು ಅಂತ ಒಪ್ಕೋಬೇಕು" ಎಂದೆ. ಅವರು ದಿಮ್ಮಿಯ ಇನ್ನೊಂದು ತುದಿಗೆ ಸರಿದು ಕೂತರು. ಮೆಷಿನ್ ಇಟ್ಟೆ. ಸದ್ದು, ಹೊಗೆ, ಕಪ್ಪು ಕಲೆ. ಹೊಟ್ಟು ಇಲ್ಲ. ಗೆದ್ದೆ ಎಂದುಕೊಂಡು ತಲೆ ಎತ್ತಿದೆ.

ಚೌಡಪ್ಪನವರು ದಿಮ್ಮಿಯಿಂದ ಎದ್ದಿದ್ದರು. ಮೆಟ್ಟು ಬಿಡುತ್ತಿದ್ದರು.

"ಶಿವ ಶಿವಾ! ಇದೂನಾ! ನಮ್ಮಪ್ಪನ ಕಾಲದಿಂದ ಇದರ ಮೇಲೆ ಕುಂಡಿ ಊರಿ ಕೂತಿದ್ನಲ್ಲಪ್ಪಾ ಪಾಪಿ ನಾನು!"

ಒಬ್ಬ ಆಗಲೇ ಕುಂಕುಮಕ್ಕೆ ಒಳಗೆ ಓಡಿದ. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು, "ಅಯ್ಯಯ್ಯೋ, ಎರಡಾಯ್ತುಡಾ" ಎಂದ. ಕುಂಕುಮ ಬರುವ ಮೊದಲೇ ನಾನು ಚೈನ್ ತಿರುಗಿಸಿ ಹಾಕಿದೆ. ಇಷ್ಟು ಬೇಗ ಯಾವತ್ತೂ ಹಾಕಿರಲಿಲ್ಲ. ದಿಮ್ಮಿಯನ್ನು ನಡುವಿಗೆ ಎರಡು ಮಾಡಿದೆ. ಕೆಂಪು ಹೊಟ್ಟು ಚೌಡಪ್ಪನವರ ಪಂಚೆಯ ಮೇಲೆಲ್ಲ ಚೆಲ್ಲಿತು.

ಅವರು ಹೊಟ್ಟನ್ನು ಕೊಡವಿಕೊಂಡು ಬಹಳ ಹೊತ್ತು ತುಂಡುಗಳನ್ನು ನೋಡಿದರು. "ಇದು ಸಣ್ಣ ದೇವ್ರು ಕಣಯ್ಯಾ. ಬಿಟ್ಕೊಡ್ತು. ಅದು ದೊಡ್ಡದು, ಬಿಟ್ಕೊಡಲ್ಲ" ಎಂದರು.

ಸತ್ಯ ಹೇಳಿದ್ದಾಯಿತು, ತೋರಿಸಿದ್ದಾಯಿತು, ಅಷ್ಟಾದರೂ ಮರ ಕೊಟ್ಟಿಗೆಯ ಮೇಲೆ ಬಾಗಿಯೇ ಇತ್ತು. ಆಗ ಮುನಿಯಮ್ಮ ಮುಂದೆ ಬಂದಳು.

"ಮಾವಾ, ಅದು ದೇವ್ರು ಅಂತ ನಾನೂ ಒಪ್ತೀನಿ. ದೇವ್ರಾದ್ಮೇಲೆ ಬೀಳಲ್ಲ, ಅಲ್ವಾ?"

"ಬೀಳಲ್ಲ."

"ಅಂಗಾದ್ರೆ ಚಿಂತಾಮಣಿ ಸಂತೇಲಿ ತಂದ್ರಲ್ಲ ನಿಮ್ಮ ಜೋಡಿ ಎತ್ತು, ಇವತ್ತು ಸಂಜೆಯಿಂದ ಅವನ್ನ ನನ್ನ ಕೊಟ್ಟಿಗೇಲಿ ಕಟ್ರಿ. ನನ್ನ ಹಸ ನಿಮ್ಮ ಕೊಟ್ಟಿಗೆಗೆ ಹೊಡ್ಕೊಂಡು ಬತ್ತೀನಿ. ಗಾಳಿಕಾಲ ಮುಗಿಯೋವರ್ಗೂ ದೇವ್ರ ಪಕ್ಕದಲ್ಲಿ ನಿಮ್ಮ ಎತ್ತಿರ್ಲಿ. ಪುಣ್ಯ ನಿಮಗೇ ಬರ್ಲಿ."

ಚೌಡಪ್ಪನವರು ತಮ್ಮ ಕೊಟ್ಟಿಗೆಯ ಕಡೆ ನೋಡಿದರು. ಎತ್ತುಗಳು ಮೆಲುಕು ಹಾಕುತ್ತಿದ್ದವು, ಬಿಳಿಯದು ಕೊಂಬು ಅಲ್ಲಾಡಿಸಿತು. ಆಮೇಲೆ ದೂರದಲ್ಲಿ ಗಾಳಿಗೆ ತೂಗುತ್ತಿದ್ದ ಸೀರೆಯ ನೀಲಗಿರಿಯ ಕಡೆ ನೋಡಿದರು. ಮತ್ತೆ ಎತ್ತುಗಳ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಗಾಳಿಕಾಲ ನೋಡು ಮುನಿಯಮ್ಮಾ" ಎಂದರು ನಿಧಾನವಾಗಿ. "ದೇವ್ರಿಗೂ ಒಂದೊಂದ್ ಸಾರಿ ಕಾಲು ಜಾರ್ತೈತೆ. ಕೊಯ್ಯಿಸ್ಬಿಡು."

ಅವತ್ತೇ ಕೊಯ್ದೆವು. ಹಸುಗಳನ್ನು ಆಚೆ ಕಟ್ಟಿಸಿ, ಸೀರೆಯನ್ನು ಮರ್ಯಾದೆಯಿಂದ ಬಿಚ್ಚಿ, ಮರದ ಮೇಲ್ಭಾಗಕ್ಕೆ ಹಗ್ಗ ಕಟ್ಟಿದೆವು. ನಾನು ಬುಡ ಕೊಯ್ಯುತ್ತಿದ್ದಂತೆ ಊರೆಲ್ಲ ಅದನ್ನು ಕೊಟ್ಟಿಗೆಯಿಂದ ಪಕ್ಕಕ್ಕೆ, ಹೊಲದ ಬದುವಿನ ಕಡೆಗೆ ಎಳೆಯಿತು. ಹಗ್ಗದ ಮುಂಭಾಗದಲ್ಲಿ ಚೌಡಪ್ಪನವರೇ ಇದ್ದರು, ದೇವರ ಹೆಸರು ಕೂಗುತ್ತಾ. ಯಾವ ದೇವರ ಹೆಸರೆಂದು ಕೇಳಲು ಹೋಗಲಿಲ್ಲ. ಬುಡ ಲಟಲಟ ಎಂದಾಗ ನಾನು ಮೆಷಿನ್ ಎತ್ತಿಕೊಂಡು ಹಿಂದಕ್ಕೆ ಸರಿದೆ. ಮರ ತಿರುಗಿ ಬದುವಿನ ಮೇಲೆ ಮಲಗಿತು. ತುದಿಯ ಒಂದು ರೆಂಬೆ ಕೊಟ್ಟಿಗೆಯ ಎರಡು ಹೆಂಚು ಒಡೆಯಿತು, ಅಷ್ಟೆ. ಆ ವಾರ ಹಸು ಹೆಣ್ಣು ಕರು ಹಾಕಿತು.

ಮುನಿಯಮ್ಮನ ಹತ್ತಿರ ಕ್ಷಮೆ ಕೇಳಲು ಹೋದೆ. ಚೈನಿನ ವಿಷಯಕ್ಕಲ್ಲ, ಅವಳು ಫೋನಿನಲ್ಲಿ ಕೇಳಿದ ಒಂದು ಮಾತಿಗೆ ಅವತ್ತು ನಾನು ಕೊಟ್ಟ ಉತ್ತರಕ್ಕೆ. ಅವಳು ಕೇಳಿಸಿಕೊಂಡಳು. "ಸರಿ ಅಣ್ಣಾ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಅವಳು ಹಾಗೆ ಹೇಳದೇ ಇದ್ದದ್ದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ. ಹೊಸಬರಿಗೆ ನಾನು ಹೇಳುವುದೂ ಇಷ್ಟೆ. ಚೈನ್ ಉಲ್ಟಾ ಹಾಕಿದರೆ ತಿರುಗಿಸಿ ಹಾಕಬಹುದು. ಮರದ ಕೆಳಗೆ ಮಲಗುವವರು ಫೋನ್ ಮಾಡಿ ಕೇಳಿದಾಗ ಮಾತ್ರ, ಮಾನ ಹೋದರೂ ಸರಿ, ಮೆಷಿನ್ ಎಂದು ಹೇಳಿಬಿಡಿ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನೀಲಗಿರಿಯನ್ನು ಎಷ್ಟು ಕೊಯ್ದರೂ ಬುಡ ಚಿಗುರುತ್ತದೆ. ಮಳೆ ಬಿದ್ದ ಮೇಲೆ ಅದೂ ಚಿಗುರಿತು. ಆ ಚಳಿಗಾಲದಲ್ಲಿ ಚೌಡಪ್ಪನವರ ಮೂಗು ಮತ್ತೆ ಕಟ್ಟಿತು. ಒಂದು ಬೆಳಿಗ್ಗೆ ಮುನಿಯಮ್ಮ ಬಂಗಾರಪೇಟೆಯ ನನ್ನ ಮನೆ ಬಾಗಿಲಲ್ಲಿ ನಿಂತಿದ್ದಳು.

"ಏಳಣ್ಣಾ, ಮೆಷಿನ್ ತಗೋ. ದೇವ್ರು ಮತ್ತೆ ಹುಟ್ಟೈತೆ. ಮಂಡಿ ಉದ್ದ ಆಗೈತೆ, ಅರಿಶಿನದ ದಾರ ಕಟ್ಟವ್ರೆ. ಸೀರೆ ಉಡಿಸೋ ಮುಂಚೆ ಬಾ."

ಮೆಷಿನ್ ಹೊರಗೆ ತಂದೆ. ಹೆಗಲಿಗೆ ಹಾಕಿಕೊಳ್ಳಲು ಹೋದಾಗ ಅವಳು ಕೈ ಅಡ್ಡ ಇಟ್ಟಳು.

"ಇಳಿಸು ಕೆಳಗೆ. ಹಲ್ಲು ಯಾವ ಕಡೆಗೈತೆ, ಮೊದಲು ನಾನು ನೋಡ್ಬೇಕು."

ಕೂತು, ಬೆರಳಿನಿಂದ ಒಂದೊಂದನ್ನೇ ಸವರಿ ನೋಡಿದಳು. ನೋಡಿ ಮುಗಿಯುವವರೆಗೂ ನಾನು ಕೈಕಟ್ಟಿಕೊಂಡು ನಿಂತಿದ್ದೆ.